ಅಂಬೇಡ್ಕರರ ಪಠ್ಯಪಟ್ಟಿಯಲ್ಲಿ ಜರ್ಮನ್, ಫ್ರೆಂಚ್: ಅರ್ಥಶಾಸ್ತ್ರದ ಜೊತೆಗಿನ ಭಾಷಾ ಕಲಿಕೆ ಕುರಿತು ಒಂದು ಟಿಪ್ಪಣಿ

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ 1916ರವರೆಗೆ ಬಿ. ಆರ್. ಅಂಬೇಡ್ಕರರು ಓದಿದ ಪಠ್ಯಗಳ ಪಟ್ಟಿಯನ್ನು ಅವರ ಬಗ್ಗೆ ಬರೆಯುವವರು ಮತ್ತೆ ಮತ್ತೆ ಎತ್ತಿಕೊಡುತ್ತಾರೆ. ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3. ಇವೆಲ್ಲ ಮುಗಿದ ಮೇಲೆ ಪ್ರಾಥಮಿಕ ಫ್ರೆಂಚ್ ಒಂದು, ಪ್ರಾಥಮಿಕ ಜರ್ಮನ್ ಒಂದು. ಈ ಪಟ್ಟಿ ಸಾಮಾನ್ಯವಾಗಿ ಅವರ ಓದಿನ ಹರವಿಗೆ ಸಾಕ್ಷಿಯಾಗಿ ಬಳಕೆಯಾಗುತ್ತದೆ. ಆಗ ಕೊನೆಯ ಎರಡು ನಮೂದುಗಳು ಊಟದ ಕೊನೆಗೆ ಬಡಿಸಿದ ಹಣ್ಣಿನ ಹೋಳುಗಳಂತೆ ಕಾಣುತ್ತವೆ. ನನ್ನ ಓದು ಬೇರೆ. ಆ 29ರ ಪಕ್ಕಕ್ಕೆ ಈ ಎರಡು ಬಂದದ್ದು ಕುತೂಹಲದಿಂದಲ್ಲ, ಶಾಸ್ತ್ರದ ಒಳಗಿನ ಅಗತ್ಯದಿಂದ. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನೂ ಒಂದು ವಿದೇಶಿ ಭಾಷೆಯನ್ನೂ ಒಟ್ಟಿಗೆ ಕಲಿಯುವುದೆಂದರೆ ಏನು ಎಂಬ ಪ್ರಶ್ನೆಗೆ ನೂರು ವರ್ಷಗಳ ಹಿಂದೆ ಇದ್ದ ಉತ್ತರ ಇಂದಿನದಲ್ಲ. ಆ ವ್ಯತ್ಯಾಸವನ್ನು ಗುರುತಿಸುವಷ್ಟಕ್ಕೆ ಈ ಟಿಪ್ಪಣಿ ಸೀಮಿತ.

ಅಂಬೇಡ್ಕರರ ಗುರು ಎಡ್ವಿನ್ ಸೆಲಿಗ್‌ಮನ್ ಸ್ವತಃ ಬರ್ಲಿನ್, ಹೈಡೆಲ್‌ಬರ್ಗ್, ಜಿನೀವಾ, ಪ್ಯಾರಿಸ್‌ಗಳಲ್ಲಿ ಓದಿ ಬಂದವರು. ಅವರ ತಲೆಮಾರಿನ ಅಮೆರಿಕನ್ ಅರ್ಥಶಾಸ್ತ್ರಜ್ಞರಲ್ಲಿ ಇದು ಅಪರೂಪವೇನಲ್ಲ. ರಿಚರ್ಡ್ ಈಲಿ 1879ರಲ್ಲಿ ಹೈಡೆಲ್‌ಬರ್ಗ್‌ನಿಂದ ಡಾಕ್ಟರೇಟ್ ತಂದರು. ಅಲ್ಲಿ ಪಾಠ ಹೇಳುತ್ತಿದ್ದ ಕಾರ್ಲ್ ಕ್ನೀಸ್ ಅವರ ಬಳಿಯೇ ಜಾನ್ ಬೇಟ್ಸ್ ಕ್ಲಾರ್ಕ್ ಕೂಡ ಓದಿದ್ದರು. 1885ರಲ್ಲಿ ಇವರೆಲ್ಲ ಸೇರಿ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ಕಟ್ಟಿದಾಗ ಕಣ್ಣೆದುರಿಗಿದ್ದ ಮಾದರಿ ಜರ್ಮನಿಯ ಸಾಮಾಜಿಕ ನೀತಿ ಸಂಘ. ಡಾಕ್ಟರೇಟ್ ಬೇಕೆನ್ನುವವನಿಗೆ ಫ್ರೆಂಚ್ ಮತ್ತು ಜರ್ಮನ್ ಓದಲು ಬರಬೇಕು ಎಂಬುದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆಗ ರೂಢಿಯಾಗಿದ್ದ ನಿಯಮ. ಮಾತಾಡಲು ಬರಬೇಕಿಲ್ಲ, ಪತ್ರ ಬರೆಯಲು ಬರಬೇಕಿಲ್ಲ. ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದು ಪುಟವನ್ನು ಬಿಡಿಸಿ ಓದಿದರೆ ಸಾಕು.

ಅಂಬೇಡ್ಕರರು ಅಷ್ಟಕ್ಕೆ ನಿಲ್ಲಲಿಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧದ ಕೆಲಸದಲ್ಲಿದ್ದಾಗಲೇ, 1921ರಲ್ಲಿ, ಬಾನ್ ವಿಶ್ವವಿದ್ಯಾಲಯದಲ್ಲಿ ಓದಲು ಅನುಮತಿ ಕೇಳಿ ಕೈಬರಹದಲ್ಲಿ ಜರ್ಮನ್ ಭಾಷೆಯಲ್ಲೇ ಅರ್ಜಿ ಬರೆದರು. ದಾಖಲಾತಿಯೂ ಆಯಿತು. ತರಗತಿಗೆ ಹಾಜರಾಗದ್ದರಿಂದ ಮುಂದಿನ ವರ್ಷದ ಆರಂಭದಲ್ಲಿ ಹೆಸರು ಪಟ್ಟಿಯಿಂದ ಹೋಯಿತು. ಲಂಡನ್ನಿನ ಪ್ರಬಂಧ 1923ರಲ್ಲಿ ಪುಸ್ತಕವಾಗಿ ಬಂತು. ಬಾನ್ ಅಧ್ಯಾಯವನ್ನು ವಿಫಲ ಯತ್ನವೆಂದು ಬದಿಗಿಡುವುದು ಸುಲಭ. ಆದರೆ ಅರ್ಜಿಯ ಭಾಷೆಯನ್ನು ಗಮನಿಸಬೇಕು. ಪ್ರಾಥಮಿಕ ಪಾಠದಲ್ಲಿ ಕಲಿತ ಜರ್ಮನ್ ಐದಾರು ವರ್ಷಗಳ ನಂತರವೂ ಕೈಬಿಟ್ಟುಹೋಗಿರಲಿಲ್ಲ. ಆ ವರ್ಷಗಳಲ್ಲಿ ಮಾರ್ಕ್‌ನ ಬೆಲೆ ಕುಸಿಯುತ್ತಿದ್ದರಿಂದ ಪೌಂಡ್ ಹಿಡಿದು ಬಂದ ವಿದ್ಯಾರ್ಥಿಗೆ ಜರ್ಮನಿ ಅಗ್ಗದ ದೇಶವಾಗಿತ್ತು ಎಂಬುದೂ ನಿಜ. ವಿನಿಮಯ ದರದ ಬಗ್ಗೆ ಪ್ರಬಂಧ ಬರೆಯುತ್ತಿದ್ದವರಿಗೆ ಅದು ತಿಳಿಯದೆ ಇರಲು ಸಾಧ್ಯವಿಲ್ಲ.

ಅದರ ಮರುವರ್ಷ, 1922ರಲ್ಲಿ, ಝಾಕಿರ್ ಹುಸೇನ್ ಬರ್ಲಿನ್‌ಗೆ ಹೋದರು. ಬ್ರಿಟಿಷ್ ಭಾರತದ ಕೃಷಿ ವ್ಯವಸ್ಥೆಯ ಮೇಲೆ ವೆರ್ನರ್ ಸೋಂಬಾರ್ಟ್ ಅವರ ಬಳಿ ಪ್ರಬಂಧ ಬರೆದು 1926ರಲ್ಲಿ ಡಾಕ್ಟರೇಟ್‌ನೊಂದಿಗೆ ಮರಳಿದರು. ಮುಂದೆ ರಾಷ್ಟ್ರಪತಿಯಾದ ಇವರನ್ನು ಶಿಕ್ಷಣತಜ್ಞರೆಂದು ನೆನೆಯುವವರು ಒಂದು ವಿವರವನ್ನು ಬಿಟ್ಟುಬಿಡುತ್ತಾರೆ: ಜರ್ಮನ್ ಅರ್ಥಶಾಸ್ತ್ರಜ್ಞ ಫ್ರೀಡ್ರಿಶ್ ಲಿಸ್ಟ್ ಅವರ, ಎಳೆಯ ಕೈಗಾರಿಕೆಗೆ ಸುಂಕದ ರಕ್ಷಣೆ ಬೇಕೆಂದು ವಾದಿಸುವ 1841ರ ಕೃತಿಯನ್ನು ಅವರು ಉರ್ದುವಿಗೆ ತಂದರು. ಲಿಸ್ಟ್ ಭಾರತಕ್ಕೆ ಹೊಸಬರಲ್ಲ. ಮಹಾದೇವ ಗೋವಿಂದ ರಾನಡೆ 1892ರ ಪುಣೆ ಉಪನ್ಯಾಸದಲ್ಲೇ ಅವರನ್ನು ಚರ್ಚೆಗೆ ತಂದಿದ್ದರು. ರಾನಡೆಯವರ ಹೊತ್ತಿಗೆ ಲಿಸ್ಟ್ ಇಂಗ್ಲಿಷಿನಲ್ಲಿ ಸಿಗುತ್ತಿದ್ದರು. ಝಾಕಿರ್ ಹುಸೇನ್ ಅವರು ಇಂಗ್ಲಿಷನ್ನು ದಾಟಿ ಲಿಸ್ಟ್ ಬರೆದ ಭಾಷೆಗೇ ಹೋಗಿ ಬಂದರು. ಮುಕ್ತ ವ್ಯಾಪಾರವೇ ಪ್ರಕೃತಿನಿಯಮ ಎನ್ನುತ್ತಿದ್ದ ಆಳುವವರ ಅರ್ಥಶಾಸ್ತ್ರಕ್ಕೆ ಪ್ರತಿವಾದವೊಂದು ಬೇರೊಂದು ಭಾಷೆಯಲ್ಲಿ, ವಿಶ್ವವಿದ್ಯಾಲಯದ ಪೂರ್ಣ ಗೌರವದೊಂದಿಗೆ ಬಾಳುತ್ತಿತ್ತು. ವಸಾಹತಿನ ವಿದ್ಯಾರ್ಥಿಗೆ ಜರ್ಮನ್ ಕೊಟ್ಟ ಅತಿ ದೊಡ್ಡ ಲಾಭ ಇದೆಂದು ನನಗೆ ಅನ್ನಿಸುತ್ತದೆ.

ರಾಮಮನೋಹರ ಲೋಹಿಯಾ ಅವರ ಪ್ರಸಂಗವನ್ನು ಕನ್ನಡದ ಸಮಾಜವಾದಿ ಬಳಗ ಬಲ್ಲದು. 1929ರಲ್ಲಿ ಬರ್ಲಿನ್‌ಗೆ ಹೋದ ಲೋಹಿಯಾ ಸೋಂಬಾರ್ಟ್ ಎದುರು ನಿಂತು ಇಂಗ್ಲಿಷಿನಲ್ಲಿ ಮಾತಾಡಿದರಂತೆ. ತನಗೆ ಇಂಗ್ಲಿಷ್ ಬಾರದೆಂದರಂತೆ ಪ್ರೊಫೆಸರ್. ಮೂರು ತಿಂಗಳ ನಂತರ ಬರುತ್ತೇನೆಂದು ಹೇಳಿ ಹೋದ ಲೋಹಿಯಾ ಜರ್ಮನ್ ಕಲಿತೇ ಮರಳಿದರಂತೆ. ಕಥೆಯ ಮೊದಲರ್ಧವನ್ನು ಅಕ್ಷರಶಃ ನಂಬುವುದು ಕಷ್ಟ. ಸೋಂಬಾರ್ಟ್ 1904ರಲ್ಲಿ ಮ್ಯಾಕ್ಸ್ ವೇಬರ್ ಜೊತೆ ಸೇಂಟ್ ಲೂಯಿಸ್‌ನ ಸಮಾವೇಶಕ್ಕೆ ಅಮೆರಿಕಕ್ಕೆ ಹೋಗಿದ್ದವರು. ಆ ದೇಶದಲ್ಲಿ ಸಮಾಜವಾದ ಏಕೆ ಬೇರೂರಲಿಲ್ಲ ಎಂದು 1906ರಲ್ಲಿ ಪುಸ್ತಕವನ್ನೇ ಬರೆದವರು. ಇಂಗ್ಲಿಷ್ ಪುಟ ಅವರಿಗೆ ಅಪರಿಚಿತವಾಗಿರಲಾರದು. ಆದ್ದರಿಂದ ಆ ಉತ್ತರವನ್ನು ತನ್ನ ತರಗತಿಯ ಭಾಷೆ ಯಾವುದೆಂದು ಒಬ್ಬ ಪ್ರೊಫೆಸರ್ ತಿಳಿಸಿದ ರೀತಿಯೆಂದು ಓದಿದರೆ ಹೆಚ್ಚು ಹೊಂದುತ್ತದೆ. ಲೋಹಿಯಾ ಓದಿದ್ದು ಉಪ್ಪಿನ ತೆರಿಗೆಯ ವಿಷಯ. ಮರಳಿದ್ದು 1933ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ. 1951ರಲ್ಲಿ ಸಾಗರ ಸೀಮೆಯ ಕಾಗೋಡು ಗೇಣಿದಾರರ ಜೊತೆ ನಿಂತು ಬಂಧನಕ್ಕೊಳಗಾದ, ಮುಂದೆ ‘ಅಂಗ್ರೇಜಿ ಹಟಾವೋ’ ಎಂದ ಈ ಮನುಷ್ಯನನ್ನು ಭಾಷಾಭಿಮಾನಿ ಎಂದು ಬದಿಗಿಡುವವರಿಗೆ ಒಂದು ಮಾತು: ಶಾಸ್ತ್ರವೊಂದು ಇಂಗ್ಲಿಷಿಲ್ಲದೆ ತನ್ನ ಜನರ ಭಾಷೆಯಲ್ಲಿ ಅತ್ಯುನ್ನತ ಮಟ್ಟದಲ್ಲಿ ನಡೆಯುವುದನ್ನು ಅವರು ಬರ್ಲಿನ್‌ನಲ್ಲಿ ಕಣ್ಣಾರೆ ಕಂಡಿದ್ದರು.

ಜರ್ಮನ್, ಫ್ರೆಂಚ್, ಇಟಾಲಿಯನ್ ಬಾರದ ಅರ್ಥಶಾಸ್ತ್ರಜ್ಞನಿಗೆ ಆಗ ಎಷ್ಟು ದೊಡ್ಡ ಭಾಗ ಮುಚ್ಚಿತ್ತು ಎಂಬುದನ್ನು ಅನುವಾದದ ವರ್ಷಗಳೇ ಹೇಳುತ್ತವೆ. ಇಂದು ಪ್ರತಿ ಪಠ್ಯಪುಸ್ತಕದ ಅಡಿಪಾಯವಾಗಿರುವ ಸೀಮಾಂತ ಉಪಯುಕ್ತತೆಯ ವಾದವನ್ನು ಕಾರ್ಲ್ ಮೆಂಗರ್ 1871ರಲ್ಲಿ ಜರ್ಮನ್‌ನಲ್ಲಿ ಬರೆದರು. ಇಂಗ್ಲಿಷ್ ಅನುವಾದ ಬಂದದ್ದು 1950ರಲ್ಲಿ. ಸಮಗ್ರ ಸಮತೋಲನದ ಗಣಿತವನ್ನು ಲಿಯಾನ್ ವಾಲ್ರಾ 1874ರಲ್ಲಿ ಫ್ರೆಂಚ್‌ನಲ್ಲಿ ಪ್ರಕಟಿಸತೊಡಗಿದರು, ಇಂಗ್ಲಿಷಿಗೆ 1954. ಪರೇಟೊ ಅವರ ಇಟಾಲಿಯನ್ ಕೈಪಿಡಿ 1906ರದು, ಇಂಗ್ಲಿಷಿನದು 1971ರದು. ಅಂದರೆ ವಾಲ್ರಾ ಪುಸ್ತಕ ಇಂಗ್ಲಿಷಿಗೆ ಬರಲು ಎಂಬತ್ತು ವರ್ಷ ಹಿಡಿಯಿತು. ಅಷ್ಟು ದಿನ ಕಾಯುವ ತಾಳ್ಮೆ ಯಾವ ಸಂಶೋಧನೆಗೂ ಇರುವುದಿಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಲುಡ್ವಿಗ್ ಫಾನ್ ಮೀಸಸ್ 1912ರಲ್ಲಿ ಪ್ರಕಟಿಸಿದ ಹಣದ ಸಿದ್ಧಾಂತದ ಪುಸ್ತಕವನ್ನು ಕೇನ್ಸ್ 1914ರಲ್ಲಿ ಎಕನಾಮಿಕ್ ಜರ್ನಲ್‌ಗೆ ವಿಮರ್ಶಿಸಿ, ಅದರಲ್ಲಿ ಹೊಸತೇನೂ ಇಲ್ಲ ಎಂಬರ್ಥದ ತೀರ್ಪು ಕೊಟ್ಟರು. ಹದಿನಾರು ವರ್ಷಗಳ ಮೇಲೆ, ಹಣದ ಕುರಿತ ತಮ್ಮದೇ ಬೃಹತ್ ಕೃತಿಯ ಒಂದು ಅಡಿಟಿಪ್ಪಣಿಯಲ್ಲಿ, ಜರ್ಮನ್‌ನಲ್ಲಿ ತಮಗೆ ಸ್ಪಷ್ಟವಾಗಿ ಅರ್ಥವಾಗುವುದು ಮೊದಲೇ ಗೊತ್ತಿರುವ ಸಂಗತಿಗಳು ಮಾತ್ರ, ಹೊಸ ವಿಚಾರಗಳು ಭಾಷೆಯ ತೊಡಕಿನ ಹಿಂದೆ ಮರೆಯಾಗುತ್ತವೆ ಎಂದು ಒಪ್ಪಿಕೊಂಡರು. ಮೀಸಸ್ ಪರಂಪರೆಯ ಹಾಯೆಕ್ ಬಳಗ ಈ ಅಡಿಟಿಪ್ಪಣಿಯನ್ನು ಇವತ್ತಿಗೂ ಬಿಟ್ಟಿಲ್ಲ. ಕೇನ್ಸ್ ವಿರುದ್ಧದ ಅಸ್ತ್ರವಾಗಿ ಅದು ನನಗೆ ಮುಖ್ಯವಲ್ಲ. ನಿಘಂಟಿನ ನೆರವಿನ ಓದು ಎಲ್ಲಿಗೆ ನಿಲ್ಲುತ್ತದೆ ಎಂಬುದಕ್ಕೆ ಇಷ್ಟು ನಿಖರವಾದ ಸಾಕ್ಷ್ಯ ಇನ್ನೊಂದು ಸಿಗುವುದು ಕಷ್ಟ. ಆ ಬಗೆಯ ಓದು ಗೊತ್ತಿದ್ದುದನ್ನು ದೃಢಪಡಿಸುತ್ತದೆ. ಗೊತ್ತಿಲ್ಲದ್ದನ್ನು ಎದುರಿಗೆ ತಂದು ನಿಲ್ಲಿಸುವುದಿಲ್ಲ. ಡಾಕ್ಟರೇಟ್‌ಗೆ ಕೇಳುತ್ತಿದ್ದ ಭಾಷಾ ಪರೀಕ್ಷೆಯ ಮಿತಿಯೂ ಅದೇ ಆಗಿತ್ತು.

ಇದಕ್ಕಿಂತ ಬೋಧಪ್ರದವಾದದ್ದು ಸ್ಲಟ್ಸ್ಕಿಯ ಪ್ರಕರಣ. ಅಕ್ಕಿ ಅಗ್ಗವಾದರೆ ಮನೆಯವರು ಎರಡು ಕಾರಣಕ್ಕೆ ಖರೀದಿ ಬದಲಿಸುತ್ತಾರೆ: ರಾಗಿಗೆ ಹೋಲಿಸಿದರೆ ಅಕ್ಕಿ ಈಗ ಲಾಭ ಎಂಬುದೊಂದು, ಕೈಯಲ್ಲಿ ಒಟ್ಟಾರೆ ದುಡ್ಡು ಮಿಕ್ಕಿತು ಎಂಬುದಿನ್ನೊಂದು. ಈ ಎರಡನ್ನು ಗಣಿತದಲ್ಲಿ ಬೇರ್ಪಡಿಸುವ ಸಮೀಕರಣವನ್ನು ಇಂದು ಪದವಿ ತರಗತಿಯ ಪ್ರತಿ ವಿದ್ಯಾರ್ಥಿಯೂ ಬಿಡಿಸುತ್ತಾನೆ. ಅದನ್ನು ಕಂಡುಕೊಟ್ಟ ಎವ್ಗೆನಿ ಸ್ಲಟ್ಸ್ಕಿ ಕೀವ್‌ನಲ್ಲಿ ಓದಿದವರು. ಅಲ್ಲಿಂದ ಹೊರಹಾಕಿಸಿಕೊಂಡು ಕೆಲಕಾಲ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಕಲಿತವರು. ಅವರ ಲೇಖನ 1915ರಲ್ಲಿ ಇಟಾಲಿಯನ್ ಭಾಷೆಯಲ್ಲಿ, ಇಟಲಿಯ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಬಂತು. ಅವರು ಮುಂದುವರಿಸುತ್ತಿದ್ದದ್ದು ಪರೇಟೊ ಅವರ ಚರ್ಚೆಯನ್ನು. ಆ ಚರ್ಚೆ ನಡೆಯುತ್ತಿದ್ದ ಮನೆಗೇ ಲೇಖನ ಹೋಯಿತು. ಹೊರಗೆ ಯುದ್ಧ. ಲೇಖನವನ್ನು ಯಾರೂ ಗಮನಿಸಲಿಲ್ಲ.

1934ರಲ್ಲಿ ಲಂಡನ್ನಿನಲ್ಲಿ ಜಾನ್ ಹಿಕ್ಸ್ ಮತ್ತು ಆರ್. ಜಿ. ಡಿ. ಆಲನ್ ಅದೇ ಫಲಿತಾಂಶವನ್ನು ತಾವಾಗಿಯೇ ಹೊಸದಾಗಿ ಕಂಡುಹಿಡಿದರು. ಸ್ವಾರಸ್ಯ ಇರುವುದು ಹಿಕ್ಸ್‌ಗೆ ಇಟಾಲಿಯನ್ ಬರುತ್ತಿತ್ತು ಎಂಬಲ್ಲಿ. ನಿನಗೆ ಇಟಾಲಿಯನ್ ಬರುತ್ತದಲ್ಲ, ಪರೇಟೊ ಓದು ಎಂದು ಲಂಡನ್ ಸ್ಕೂಲಿನ ಹಿರಿಯ ಸಹೋದ್ಯೋಗಿ ಹ್ಯೂ ಡಾಲ್ಟನ್ ಹೇಳಿದ ಮೇಲೆಯೇ ಅವರು ಆ ಹಾದಿ ಹಿಡಿದದ್ದು. ಸಿದ್ಧಾಂತಿಯಾಗಿ ಹಿಕ್ಸ್ ರೂಪುಗೊಂಡದ್ದರಲ್ಲಿ ಆ ಒಂದು ಭಾಷೆಯ ಪಾಲು ದೊಡ್ಡದು. ಆದರೂ ಅದೇ ಭಾಷೆಯಲ್ಲಿದ್ದ ಸ್ಲಟ್ಸ್ಕಿ ಅವರ ಕಣ್ಣಿಗೆ ಬೀಳಲಿಲ್ಲ. 1936ರಲ್ಲಿ ಆಲನ್ ಪ್ರತ್ಯೇಕ ಲೇಖನ ಬರೆದು ಸ್ಲಟ್ಸ್ಕಿಯನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದರು. 1939ರ ಪುಸ್ತಕದಲ್ಲಿ ಹಿಕ್ಸ್ ಮೊದಲ ಹಕ್ಕು ಆತನದೆಂದು ಧಾರಾಳವಾಗಿ ಒಪ್ಪಿಕೊಂಡರು. ಪೂರ್ತಿ ಅನುವಾದ ಬರುವಾಗ 1952. ಭಾಷೆ ಬಲ್ಲವನಿಗೂ ಆ ಭಾಷೆಯ ಪತ್ರಿಕೆಗಳನ್ನು ತಿರುವುವ ಅಭ್ಯಾಸ, ಅಲ್ಲಿನವರ ಒಡನಾಟ ಬೇಕಾಗುತ್ತದೆ ಎಂಬುದನ್ನು ಈ ಪ್ರಕರಣ ಹೇಳುತ್ತದೆ.

ಎರಡನೆಯ ಮಹಾಯುದ್ಧದ ನಂತರದ ಕಥೆಯನ್ನು ಬೇಗ ಮುಗಿಸಬಹುದು. ವಿಯೆನ್ನಾ, ಬರ್ಲಿನ್‌ಗಳ ವಿದ್ವಾಂಸರು ದೇಶ ಬಿಟ್ಟು ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಅಮೆರಿಕದ ವಿಭಾಗಗಳು 1960, 70ರ ದಶಕಗಳಲ್ಲಿ ಭಾಷಾ ನಿಯಮವನ್ನು ಸಡಿಲಿಸಿ ಕೈಬಿಟ್ಟವು. ಆ ಜಾಗಕ್ಕೆ ಗಣಿತ ಬಂತು. ಗಣಿತವೂ ಒಂದು ಭಾಷೆಯೇ ಎಂಬ ಗಿಬ್ಸ್ ಅವರ ಮಾತನ್ನು ಸ್ಯಾಮುಯೆಲ್ಸನ್ 1947ರ ತಮ್ಮ ಗ್ರಂಥದ ಮುಖವಾಕ್ಯವಾಗಿ ಇಟ್ಟಿದ್ದರು. ವಿಭಾಗಗಳು ಅದನ್ನು ಆಡಳಿತಾತ್ಮಕ ಆದೇಶದಂತೆ ಪಾಲಿಸಿದವು ಎನ್ನಬಹುದು.

ಈಗ ಬ್ರಿಟನ್ನಿನ ಜಂಟಿ ಪದವಿಗೆ ಬರೋಣ. ಅರ್ಥಶಾಸ್ತ್ರ ಮತ್ತು ಫ್ರೆಂಚ್, ಅರ್ಥಶಾಸ್ತ್ರ ಮತ್ತು ಜರ್ಮನ್, ಸ್ಪ್ಯಾನಿಷ್, ರಷ್ಯನ್, ಹೀಗೆ ಎರಡನ್ನೂ ಸರಿಸಮ ಓದುವ ಏರ್ಪಾಟು ಅಲ್ಲಿ ಹಳೆಯದು. ಸಾಮಾನ್ಯವಾಗಿ ನಾಲ್ಕು ವರ್ಷ, ಮೂರನೆಯದು ಆ ಭಾಷೆಯ ದೇಶದಲ್ಲಿ. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿಯೇ ನಾಲ್ಕು ವರ್ಷದ್ದು, ಆದ್ದರಿಂದ ಹೊರದೇಶದ ವರ್ಷ ಸೇರಿದರೆ ಐದಾಗುವುದೂ ಉಂಟು. ವಾರ್ಷಿಕ ಶುಲ್ಕದ ಮಿತಿ 9,250 ಪೌಂಡ್ ಇದ್ದಾಗ, ಹೊರದೇಶದ ವರ್ಷಕ್ಕೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಪಡೆಯಬಹುದಾಗಿದ್ದದ್ದು ಅದರ ಶೇ. 15, ಎಂದರೆ 1,385 ಪೌಂಡ್. 1987ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆ ಈ ವರ್ಷಕ್ಕೆ ಹಣವನ್ನೂ ದಾರಿಯನ್ನೂ ಒದಗಿಸಿತ್ತು. ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ 2021ರಲ್ಲಿ ಅದರ ಜಾಗಕ್ಕೆ ಟ್ಯೂರಿಂಗ್ ಯೋಜನೆ ಬಂತು. ಆ ಹೊತ್ತಿಗಾಗಲೇ ಬೇರು ಸಡಿಲವಾಗಿತ್ತು. 2004ರಲ್ಲಿ ಇಂಗ್ಲೆಂಡು ಹದಿನಾಲ್ಕು ದಾಟಿದ ಮಕ್ಕಳಿಗೆ ವಿದೇಶಿ ಭಾಷೆಯನ್ನು ಐಚ್ಛಿಕ ಮಾಡಿದ್ದರಿಂದ, ಭಾಷೆಯಲ್ಲಿ ಗಟ್ಟಿಯಾಗಿ ವಿಶ್ವವಿದ್ಯಾಲಯಕ್ಕೆ ಬರುವವರ ಸಾಲು ತೆಳುವಾಯಿತು.

ಈ ಪದವಿಯ ಒಳಗೆ ನಡೆಯುವುದೇನು? ಎರಡು ವಿಭಾಗ, ಎರಡು ವೇಳಾಪಟ್ಟಿ, ಎರಡು ಬಗೆಯ ಅಧ್ಯಾಪಕರು. ಬೆಳಿಗ್ಗೆ ರಾಸೀನ್‌ನ ನಾಟಕ, ಮಧ್ಯಾಹ್ನ ಸ್ಲಟ್ಸ್ಕಿ ಸಮೀಕರಣ. ಆ ಸಮೀಕರಣ ಹುಟ್ಟಿದ್ದು ಇಟಾಲಿಯನ್ ಪುಟದಲ್ಲಿ ಎಂದು ಅರ್ಥಶಾಸ್ತ್ರದವರು ಹೇಳುವುದಿಲ್ಲ. ವಾಲ್ರಾ ಕೂಡ ಫ್ರೆಂಚ್ ಗದ್ಯಕಾರನೇ ಎಂದು ಸಾಹಿತ್ಯದವರು ಎಣಿಸುವುದಿಲ್ಲ. ಅರ್ಧ ಸಮಯ ಭಾಷೆಗೆ ಹೋಗುವುದರಿಂದ ಅರ್ಥಶಾಸ್ತ್ರದಲ್ಲಿ ಮೊದಲು ಕಳೆದುಕೊಳ್ಳುವುದು ಅರ್ಥಮಿತಿ ಮತ್ತು ಮೇಲ್ಮಟ್ಟದ ಗಣಿತ. ಸ್ನಾತಕೋತ್ತರ ಅರ್ಥಶಾಸ್ತ್ರದ ಪ್ರವೇಶದಲ್ಲಿ ಕೇಳುವುದು ನೇರವಾಗಿ ಅದನ್ನೇ. ಆದ್ದರಿಂದ ಮುಂದೆ ಸಂಶೋಧಕನಾಗಬೇಕೆಂಬ ವಿದ್ಯಾರ್ಥಿಗೆ ಈ ಜಂಟಿ ಪದವಿ ಸುರಕ್ಷಿತವಲ್ಲ ಎಂದೇ ನಾನು ಹೇಳುತ್ತೇನೆ. ಬ್ಯಾಂಕು, ರಾಯಭಾರ, ಪತ್ರಿಕೋದ್ಯಮಕ್ಕೆ ಹೋಗುವವರ ಲೆಕ್ಕ ಬೇರೆ.

ಹೊರದೇಶದ ವರ್ಷವಾದರೂ ಎರಡನ್ನು ಕೂಡಿಸಬೇಕಿತ್ತು. ಕೆಲವೊಮ್ಮೆ ಕೂಡಿಸುತ್ತದೆ: ಟೂಲೂಸ್‌ನಲ್ಲಿ ಪದವಿಮಟ್ಟದ ತರಗತಿಗೆ ಕೂತ ವಿದ್ಯಾರ್ಥಿ ಸೂಕ್ಷ್ಮ ಅರ್ಥಶಾಸ್ತ್ರವನ್ನು ಫ್ರೆಂಚ್‌ನಲ್ಲೇ ಕೇಳುತ್ತಾನೆ. ಒಂದು ಮೆಟ್ಟಿಲು ಮೇಲೆ ಹೋದರೆ, 2014ರ ನೊಬೆಲ್ ಪಡೆದ ಜಾನ್ ತಿರೋಲ್ ಅವರ ಅದೇ ಟೂಲೂಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸ್ನಾತಕೋತ್ತರ ಪಾಠ ಇಂಗ್ಲಿಷಿನಲ್ಲಿ. ಜರ್ಮನಿಯ ಮಾನ್‌ಹೈಮ್‌ನಲ್ಲೂ ಹಾಗೆಯೇ. ಸೋಂಬಾರ್ಟ್ ಇಂದು ಪಾಠ ಮಾಡುತ್ತಿದ್ದರೆ ಲೋಹಿಯಾ ಅವರಿಗೆ ಮೂರು ತಿಂಗಳ ವಾಯಿದೆ ಬೇಕಾಗುತ್ತಿರಲಿಲ್ಲ. ಪುಸ್ತಕಗಳ ಕಾಯುವಿಕೆಯೂ ಹೋಯಿತು: ತೊಮಾ ಪಿಕೆಟ್ಟಿ ಬಂಡವಾಳದ ಬಗ್ಗೆ ಫ್ರೆಂಚ್‌ನಲ್ಲಿ ಬರೆದ ಗ್ರಂಥ 2013ರಲ್ಲಿ ಬಂತು, ಇಂಗ್ಲಿಷ್ ಅನುವಾದ ಮರುವರ್ಷವೇ. ಸಿದ್ಧಾಂತಕ್ಕೆ ಪ್ರವೇಶ ಕೊಡುವ ಕೀಲಿಯಾಗಿ ವಿದೇಶಿ ಭಾಷೆಗೆ ಇದ್ದ ಬೆಲೆ ಬಹುಮಟ್ಟಿಗೆ ಇಳಿದಿದೆ ಎಂದು ಒಪ್ಪಲೇಬೇಕು.

ಇಳಿಯದೆ ಉಳಿದದ್ದು ಸಾಮಗ್ರಿಯ ಕಡೆ. ನ್ಯಾಯಾಲಯದ ತೀರ್ಪು, ಪುರಸಭೆಯ ಲೆಕ್ಕ, ಕಾರ್ಮಿಕ ಸಂಘದ ಕರಪತ್ರ, ಸಾಲದ ಚೀಟಿ, ಮನೆಯೊಡತಿಯ ಖರ್ಚಿನ ವಿವರ, ಇವು ಇಂಗ್ಲಿಷಿಗೆ ಬರುವುದಿಲ್ಲ, ಬರುವ ಕಾರಣವೂ ಇಲ್ಲ. ಇದಕ್ಕೆ ನನಗೆ ತಿಳಿದ ಒಳ್ಳೆಯ ಉದಾಹರಣೆಗಳಲ್ಲಿ ವಿದೇಶಿ ಭಾಷೆಯ ಸ್ಥಾನದಲ್ಲಿರುವುದು ಕನ್ನಡ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಅರ್ಥಶಾಸ್ತ್ರದಿಂದ ಮಾನವಶಾಸ್ತ್ರಕ್ಕೆ ಬಂದವರು. 1950ರ ದಶಕದ ನಡುವೆ ಅವರು ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅವುಗಳಿಗೆ ವಂಗಲ, ದಲೇನ ಎಂಬ ಮರೆಹೆಸರು. ಕೃತಿ ಬಂದದ್ದು 1962ರಲ್ಲಿ. ನಾಲೆಯ ನೀರು ಹೊಲಕ್ಕೆ ಬಂದ ವಂಗಲದಲ್ಲಿ ಕಬ್ಬು ಬೆಳೆದರೂ ಹಳೆಯ ಸಂಬಂಧಗಳು ಹೆಚ್ಚು ಕದಲಲಿಲ್ಲ. ನೀರು ಹತ್ತದ ದಲೇನದವರು ಸುತ್ತಲಿನ ಹೊಸ ಆರ್ಥಿಕತೆಯಲ್ಲಿ ವ್ಯಾಪಾರ, ನೌಕರಿ ಹುಡುಕಿಕೊಂಡಿದ್ದರಿಂದ ಅಲ್ಲೇ ಬದಲಾವಣೆ ಹೆಚ್ಚಾಯಿತು. ನೀರಾವರಿ ಬಂದಲ್ಲಿ ಸಮಾಜ ಬದಲಾಗುತ್ತದೆ ಎಂಬ ಸುಲಭದ ನಿರೀಕ್ಷೆಗೆ ಇದು ನೇರ ವಿರುದ್ಧ.

ಮಂಡ್ಯದ ಅನುಭವದ ಮೇಲೆ ನಿಂತ ಅವರ 1967ರ ಲೇಖನ ಇನ್ನೂ ಹರಿತವಾದದ್ದು. ವಂಶಪಾರಂಪರ್ಯವಾಗಿ ದುಡಿಯುವ ಆಳಿಗೆ, ಕುಶಲಕರ್ಮಿಗೆ ರೈತ ವರ್ಷಕ್ಕಿಷ್ಟು ಎಂದು ಕೊಡುತ್ತಿದ್ದ ಧಾನ್ಯ ಬೆಳೆಯ ಏರಿಳಿತಕ್ಕೆ ಜಗ್ಗುತ್ತಿರಲಿಲ್ಲ. ಕೆಟ್ಟ ವರ್ಷದಲ್ಲಿ ಎಲ್ಲರ ಪಾಲೂ ಹೆಚ್ಚುಕಡಿಮೆ ಸಮವಾಗುತ್ತಿತ್ತು, ಒಳ್ಳೆಯ ವರ್ಷದ ಮಿಗಿಲು ರೈತನದಾಗುತ್ತಿತ್ತು. ಕೂಲಿಯೆಂದರೆ ಸೀಮಾಂತ ಉತ್ಪನ್ನ ಎಂಬ ಪಠ್ಯಪುಸ್ತಕದ ಸೂತ್ರಕ್ಕೆ ಸಿಗದ ಈ ಒಪ್ಪಂದ ಯಾವ ಅಂಕಿಅಂಶದ ಕೋಷ್ಟಕದಲ್ಲೂ ಇರಲಿಲ್ಲ. ಅದು ಇದ್ದದ್ದು ಜಗುಲಿಯ ಮಾತಿನಲ್ಲಿ. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿದ, ಕೇನ್ಸ್ ಅವರ ಸೋದರ ಸೊಸೆ ಪಾಲಿ ಹಿಲ್ ಕೂಡ ಆನೇಕಲ್ ಕಡೆಯ ಹಳ್ಳಿಗಳನ್ನು ನೈಜೀರಿಯಾದ ಹೌಸಾ ಸೀಮೆಯೊಂದಿಗೆ ಹೋಲಿಸಿ 1982ರಲ್ಲಿ ಪುಸ್ತಕ ಬರೆದರು. ನಾಲ್ಕು ವರ್ಷದ ಮೇಲೆ ಬಂದ ಅವರ ಮತ್ತೊಂದು ಕೃತಿ ಅಭಿವೃದ್ಧಿ ಅರ್ಥಶಾಸ್ತ್ರವನ್ನೇ ಕಟಕಟೆಗೆ ನಿಲ್ಲಿಸಿ, ಹಳ್ಳಿಯನ್ನು ನೋಡದೆ ಸರ್ಕಾರಿ ಅಂಕಿಗಳನ್ನು ನಂಬುವವರನ್ನು ತರಾಟೆಗೆ ತೆಗೆದುಕೊಂಡಿತು. ಸೋದರಮಾವನ ಜರ್ಮನ್ ಅಡಿಟಿಪ್ಪಣಿಯ ಪಕ್ಕದಲ್ಲಿಟ್ಟು ಓದಬೇಕಾದ ಪುಸ್ತಕ ಅದು.

ನಮ್ಮ ಕಡೆಯ ಸ್ಥಿತಿ ಇಷ್ಟು: ಪಿಯುಸಿಯಲ್ಲಿ ಫ್ರೆಂಚ್ ಆಯ್ದುಕೊಳ್ಳುವವರಲ್ಲಿ ಹಲವರಿಗೆ ಅದು ಅಂಕ ತರುವ ಭಾಷೆ, ಪದವಿಯಲ್ಲಿ ಭಾಷಾ ಪತ್ರಿಕೆಗಳು ಮುಗಿದೊಡನೆ ಅದೂ ಮುಗಿಯುತ್ತದೆ. ಅರ್ಥಶಾಸ್ತ್ರದ ಅಧ್ಯಾಪಕರಿಗೆ ತಮ್ಮ ತರಗತಿಯಲ್ಲಿ ಫ್ರೆಂಚ್ ಬಲ್ಲವರು ಎಷ್ಟು ಜನರೆಂದು ತಿಳಿದುಕೊಳ್ಳುವ ಸಂದರ್ಭವೇ ಬರುವುದಿಲ್ಲ. ಎರಡು ವರ್ಷದ ಫ್ರೆಂಚ್ ಇರುವ ಹುಡುಗಿಗೆ ಪುದುಚೇರಿಯ ಫ್ರೆಂಚ್ ಆಡಳಿತದ ತೆರಿಗೆ ಕಾಗದಗಳ ಮೇಲೆ ಒಂದು ಕಿರುಪ್ರಬಂಧ ಕೊಡಬಹುದು. ಅದಕ್ಕೆ ಜಂಟಿ ಪದವಿಯೂ ಬೇಡ, ಹೊಸ ವಿಭಾಗವೂ ಬೇಡ. ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು, ಫ್ರೆಂಚ್ ಅಧ್ಯಾಪಕರೊಬ್ಬರು ಒಂದೇ ಪ್ರಬಂಧಕ್ಕೆ ಸಹಿ ಹಾಕಲು ಒಪ್ಪಿದರೆ ಆಯಿತು.